ಗೋಡೆಯಾಚೆಯ ಗೊರಕೆ

ಮೊನ್ನೆ ಚಳಿ ಜೋರಾಯಿತೆಂದು ಟ್ರಂಕಿನಿಂದ ಹಳೆಯ ಶಾಲನ್ನು ತೆಗೆದೆ. ನುಸಿಗುಳಿಗೆಯ ವಾಸನೆ ಬರಬೇಕಿತ್ತು. ಬಂದದ್ದು ಕೊಬ್ಬರಿ ಎಣ್ಣೆಯ ವಾಸನೆ. ಎಡ ಹೆಗಲ ಜಾಗದಲ್ಲಿ ಅಂಗೈಯಗಲ ಜಿಡ್ಡಿನ ಕಲೆ, ಒಗೆದರೂ ಹೋಗಿಲ್ಲ. ನಾನು ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹಚ್ಚಿದರೂ, ನನ್ನ ತಲೆ ನನ್ನದೇ ಹೆಗಲ ಮೇಲೆ ಬೀಳುವಷ್ಟು ಉದ್ದನೆಯ ಕುತ್ತಿಗೆಯನ್ನು ದೇವರು ನನಗೆ ದಯಪಾಲಿಸಿಲ್ಲ. ಅದು ಸಲೋಮಿಯ ತಲೆಯ ಎಣ್ಣೆ.

ನಾನು ಬಂಗಾರಪೇಟೆಯ ಒಂದು ಶಾಲೆಯಲ್ಲಿ ಟೀಚರು. ಮನೆ ಕೆ.ಜಿ.ಎಫ್‌ನಲ್ಲಿ, ಯಜಮಾನರ ಫ್ಯಾಕ್ಟರಿ ಕ್ವಾರ್ಟರ್ಸು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಯೇ ನನ್ನದು. ಆ ಗಾಡಿಯನ್ನು ಹತ್ತಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಿ, ಮೂರರಲ್ಲೂ ರಾಜಿಯಾಗುವ ಜನ. ಒಬ್ಬರ ಮನೆಯ ಚಟ್ನಿಗೆ ಉಪ್ಪು ಕಡಿಮೆಯಾದರೆ ಇಡೀ ಬೋಗಿಗೆ ಗೊತ್ತಾಗುತ್ತದೆ. ಕಳೆದ ಚಳಿಗಾಲದಲ್ಲಿ ಆ ಗದ್ದಲದ ನಡುವೆ ಒಬ್ಬ ಹುಡುಗಿ ದಿನವೂ ನಿದ್ದೆ ಮಾಡುತ್ತಿದ್ದಳು. ತೂಕಡಿಕೆಯಲ್ಲ, ಎಳೆಮಕ್ಕಳು ಹೊಟ್ಟೆ ತುಂಬಿದ ಮೇಲೆ ಮಲಗುತ್ತಾರಲ್ಲ, ಅಂಥ ನಿದ್ದೆ. ನಾನು ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಎರಡು ನಿಮಿಷಕ್ಕೆ ಆ ತಲೆ ನನ್ನ ಹೆಗಲಿಗೆ ಬಂದು ಸೇರುತ್ತಿತ್ತು.

ಬೇರೆಯವರ ವಿಷಯದಲ್ಲಿ ನನಗೆ ಕುತೂಹಲ ಸ್ವಲ್ಪ ಜಾಸ್ತಿ. ನಮ್ಮ ಯಜಮಾನರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ಬಿಡಿ. ರಾತ್ರಿಪಾಳಿಯ ಹುಡುಗಿಯೇ? ಹೊಸದಾಗಿ ಮದುವೆಯಾದವಳೇ? ಕತ್ತಿನಲ್ಲಿ ಒಂದು ಸಣ್ಣ ಶಿಲುಬೆ ಬಿಟ್ಟರೆ ಏನೂ ಇರಲಿಲ್ಲ. ಬಂಗಾರಪೇಟೆಯಲ್ಲಿ ಅವಳನ್ನು ಎಬ್ಬಿಸಿ ಇಳಿಸುವುದು ನನ್ನ ಕೆಲಸವಾಯಿತು. ನಾನು ರಜೆ ಹಾಕಿದ ಒಂದು ದಿನ ಅವಳು ಟೇಕಲ್ ದಾಟಿ ಮಾಲೂರಿನವರೆಗೂ ಹೋಗಿಬಿಟ್ಟಳಂತೆ. ಅವಳು ಚೀಟಿ ಬರೆಯುವ ಕೆಲಸಕ್ಕಿದ್ದ ಬಂಗಾರಪೇಟೆಯ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರು, ಇನ್ನೊಮ್ಮೆ ಹೀಗಾದರೆ ಬೇರೆ ಕೆಲಸ ನೋಡಿಕೋ ಅಂದರಂತೆ. ಮರುದಿನ ಅವಳು ಎಚ್ಚರವಿರಲೆಂದು ನಿಂತೇ ಬಂದಳು. ಅವತ್ತು ಕೇಳಿಯೇಬಿಟ್ಟೆ, ರಾತ್ರಿ ನಿದ್ದೆ ಮಾಡಲ್ವೇನಮ್ಮ ಎಂದು.

"ಬರಲ್ಲಕ್ಕ. ರೂಮ್ನಾಗೆ ಒಬ್ಳೇ ಇದೀನಿ. ಸದ್ದೇ ಇಲ್ಲ."

"ಸದ್ದಿಲ್ಲದಿದ್ರೆ ಒಳ್ಳೇದಲ್ವಾ?"

"ಸದ್ದಿಲ್ಲ ಅಂದ್ರೆ ಎಲ್ರೂ ಎದ್ದು ಓಗ್ಬಿಟ್ಟವ್ರೆ, ನನ್ನ ಮಾತ್ರ ಬಿಟ್ಬಿಟ್ಟವ್ರೆ ಅನ್ಸ್ತದೆ. ದಡಕ್ಕಂತ ಎದ್ದು ಕೂತ್ಕೊಂತೀನಿ."

ಸ್ವಲ್ಪ ಸ್ವಲ್ಪವಾಗಿ ಎಲ್ಲ ತಿಳಿಯಿತು. ಬೇತಮಂಗಲದ ಕಡೆಯ ಕೂಲಿ ಜನರ ಮಗು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ, ಇನ್ನೂ ಮಾತು ಸರಿಯಾಗಿ ಬರುವ ಮೊದಲೇ, ಬಂಗಾರಪೇಟೆಯ ಹತ್ತಿರ ಚರ್ಚಿನವರು ನಡೆಸುವ ಹೆಣ್ಣುಮಕ್ಕಳ ಹೋಮಿಗೆ ಬಂದವಳು. ಅಲ್ಲಿ ಒಂದೇ ದೊಡ್ಡ ಹಾಲಿನಲ್ಲಿ ನಲವತ್ತು ಹುಡುಗಿಯರು ಸಾಲಾಗಿ ಮಲಗುತ್ತಾರೆ. ಬೆಳಿಗ್ಗೆ ಎಚ್ಚರವಾದಾಗ ಹಾಲು ನಿಶ್ಶಬ್ದವಾಗಿದ್ದರೆ, ಎಲ್ಲರೂ ಪ್ರಾರ್ಥನೆಗೆ ಹೋಗಿದ್ದಾರೆ, ನೀನು ಹಿಂದೆ ಉಳಿದೆ ಎಂದೇ ಅರ್ಥ. ಹದಿನೆಂಟು ತುಂಬಿದ ಮೇಲೆ ಅಲ್ಲಿರುವಂತಿಲ್ಲ. ಹಾಗೆಂದು ಬೀದಿಗೂ ಬಿಡುವುದಿಲ್ಲ. ಚರ್ಚಿನವರು ಅಂಥ ಹುಡುಗಿಗೆ ಕೆ.ಜಿ.ಎಫ್‌ನಲ್ಲಿ ಒಂದು ರೂಮು ನೋಡಿ, ಒಲೆ, ಪಾತ್ರೆ, ಹಾಸಿಗೆ ಕೊಟ್ಟು, ಒಂದು ವರ್ಷ ಬಾಡಿಗೆಗೆ ಕೈಜೋಡಿಸಿ, ತನ್ನ ಕಾಲಿನ ಮೇಲೆ ನಿಲ್ಲುವವರೆಗೂ ಜೊತೆಗಿರುತ್ತಾರೆ. ಈ ಕೆಲಸವೆಲ್ಲ ಪ್ರೇಮಕ್ಕ ಎಂಬವರದು. ಶನಿವಾರ ಶನಿವಾರ ಬಂದು ಬ್ಯಾಂಕಿಗೆ ಹೋಗುವುದು, ಗ್ಯಾಸು ಬರೆಸುವುದು, ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದು ಎಲ್ಲ ಕಲಿಸಿದ್ದರು. ಒಬ್ಬಳೇ ಮಲಗುವುದನ್ನು ಕಲಿಸಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ನನಗೆ ಹೊಳೆಯಿತು. ಸಲಹೆ ಕೊಡುವ ಅವಕಾಶ ಸಿಕ್ಕರೆ ಟೀಚರು ಬಿಡುತ್ತಾಳೆಯೇ? ಬಿಸಿ ಹಾಲು ಕುಡಿ ಎಂದೆ, ಪಾದಕ್ಕೆ ಹರಳೆಣ್ಣೆ ತಿಕ್ಕು ಎಂದೆ, ರೇಡಿಯೊ ಹಾಕಿಕೋ ಎಂದೆ. "ರೇಡಿಯೋದವ್ರು ಮಾತಾಡ್ತಾರೆ, ಆದ್ರೆ ಮಗ್ಗಲು ಬದಲಾಯ್ಸಲ್ವಲ್ಲಕ್ಕ" ಎಂದಳು. ಹೆಣ್ಣುಮಕ್ಕಳು ಧೈರ್ಯ ತಂದುಕೊಳ್ಳಬೇಕು, ಒಂಟಿಯಾಗಿರುವುದನ್ನು ಕಲಿಯಬೇಕು ಎಂದು ಎದುರು ಸೀಟಿನಲ್ಲಿದ್ದ ಊರ್ಗಾಂ ಕಡೆಯ ಇಬ್ಬರು ಹೆಂಗಸರೂ ತಲೆಯಾಡಿಸುವ ಹಾಗೆ ಭಾಷಣ ಮಾಡಿದೆ. ಆ ಸಂಜೆ ಮನೆಗೆ ಬಂದರೆ ಯಜಮಾನರಿಗೆ ರಾತ್ರಿಪಾಳಿ. ಎಂದಿನಂತೆ ಪಕ್ಕದ ಮನೆಯ ಹುಡುಗಿಯನ್ನು ಜೊತೆಗೆ ಮಲಗಲು ಕರೆದೆ. ಅವಳು ಚಾಪೆ ಬಿಡಿಸುವಾಗ ನನಗೆ ನಗು ಬಂತು. ಅಪ್ಪನ ಮನೆಯಲ್ಲಿ ಅಕ್ಕತಂಗಿಯರ ನಡುವೆ, ಆಮೇಲೆ ಗಂಡನ ಪಕ್ಕದಲ್ಲಿ. ಹುಟ್ಟಿದಾಗಿನಿಂದ ನಾನು ಒಂದು ರಾತ್ರಿಯೂ ಮನೆಯಲ್ಲಿ ಒಬ್ಬಳೇ ಮಲಗಿದವಳಲ್ಲ. ನಾನು ಧೈರ್ಯ ಹೇಳುತ್ತಿದ್ದದ್ದು ಹತ್ತೊಂಬತ್ತರ ಹುಡುಗಿಗೆ.

ಅಷ್ಟರಲ್ಲಿ ಸಲೋಮಿ ಇನ್ನೊಂದು ದಾರಿ ಹುಡುಕಿಕೊಂಡಿದ್ದಳು. ಹೋಮಿನ ಅಡಿಗೆಮನೆಗೆ ಸಹಾಯಕ್ಕೆ ಒಬ್ಬರು ಬೇಕಾಗಿತ್ತು. ಕೆಲಸಕ್ಕೆ ಸೇರಿದರೆ ಅಲ್ಲೇ ಊಟ, ಅಲ್ಲೇ ಆ ಹಾಲಿನಲ್ಲೇ ನಿದ್ದೆ. ಪ್ರೇಮಕ್ಕ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ಇವಳಿಗಿಂತ ಮುಂಚೆ ಒಬ್ಳು ಹಿಂಗೇ ವಾಪಸ್ ಹೋದ್ಳು ಟೀಚರ್. ಇವತ್ತಿಗೂ ಗೇಟು ದಾಟಿ ಒಬ್ಳೇ ಸಂತೆಗೂ ಹೋಗಲ್ಲ" ಎಂದು ಒಂದು ದಿನ ಸ್ಟೇಷನ್ನಿನಲ್ಲಿ ನನ್ನ ಹತ್ತಿರ ಕಣ್ಣೀರು ಹಾಕಿದರು. ವರ್ಷ ಮುಗಿಯುವ ಕ್ರಿಸ್‌ಮಸ್ಸಿಗೆ ಯೋಚಿಸಿ ಹೇಳು, ಅಲ್ಲಿಯವರೆಗೆ ಜಾಗ ಹಿಡಿದಿಡುತ್ತೇವೆ ಎಂದು ಹೋಮಿನವರು ಪ್ರೀತಿಯಿಂದಲೇ ಹೇಳಿದ್ದರು. ಪ್ರೀತಿಯಿಂದ ಹೇಳಿದ್ದನ್ನು ನಿರಾಕರಿಸುವುದು ಎಷ್ಟು ಕಷ್ಟ ಎಂಬುದು ನಿಮಗೂ ಗೊತ್ತು.

ಬೇಸಿಗೆಯ ಒಂದು ಸೋಮವಾರ ಅವಳು ಕಣ್ಣರಳಿಸಿಕೊಂಡು ಕುಳಿತಿದ್ದಳು. "ಅಕ್ಕಾ, ನಿನ್ನೆ ನಿದ್ದೆ ಬಂತು!" ಕ್ಲಿನಿಕ್ಕಿನ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದಳಂತೆ, ನಂದಿದುರ್ಗದ ಹಳೆಯ ಗಣಿ ಕಾರ್ಮಿಕರ ಲೈನಿಗೆ. ಲೈನು ಮನೆಗಳೆಂದರೆ ಒಂದಕ್ಕೊಂದು ಅಂಟಿಕೊಂಡವು. ನಡುವಿನ ಗೋಡೆ ಹೆಸರಿಗೆ ಮಾತ್ರ. ಆ ಕಡೆ ಕುಕ್ಕರ್ ಕೂಗಿದೆ, ಈ ಕಡೆ ಗಂಡಹೆಂಡಿರು ಜಗಳವಾಡಿದ್ದಾರೆ, ಇನ್ನೊಂದು ಕಡೆ ಯಾರೋ ಕೆಮ್ಮಿದ್ದಾರೆ. ಇವಳು ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದಿದ್ದಾಳೆ. ಅದೇ ಸಾಲಿನಲ್ಲಿ ಒಂದು ಮನೆ ಖಾಲಿ ಇತ್ತು.

ಪ್ರೇಮಕ್ಕನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಪಾಪ, ಊರೆಲ್ಲ ಅಲೆದು, ಓನರು ಬೆಂಗಳೂರಿನಲ್ಲಿರುವ, ಗಾಳಿ ಬೆಳಕಿನ, ಪಿಸುಮಾತೂ ಕೇಳಿಸದ ಮಹಡಿ ರೂಮನ್ನು ಹುಡುಕಿದ್ದರು. ಅದಕ್ಕಾಗಿ ಉಪವಾಸ ಪ್ರಾರ್ಥನೆ ಬೇರೆ ಮಾಡಿದ್ದರು. ಆದರೂ ಮನೆ ನೋಡಲು ಬಂದರು. ನನ್ನನ್ನೂ ಕರೆದರು, ಕರೆಯದಿದ್ದರೂ ಹೋಗುತ್ತಿದ್ದೆ. ಮಳೆ ಬಂದರೆ ಸೋರುವ ಶೀಟು, ಬೀದಿಗೊಂದು ನಲ್ಲಿ. ಒಳಗೆ ಕಾಲಿಟ್ಟರೆ ಪಕ್ಕದ ಮನೆಯಿಂದ ಗೊರಕೆ. ಮಟಮಟ ಮಧ್ಯಾಹ್ನ!

"ಇದೇನಮ್ಮ ಇದು?" ಎಂದರು ಪ್ರೇಮಕ್ಕ.

"ಮುನಿಯಮ್ಮ ಪಾಟಿ ಅಕ್ಕ, ಪಕ್ಕದ್ಮನೆ ಅಜ್ಜಿ. ಗಂಡ ಗಣೀಲಿದ್ದೋರಂತೆ, ಈಗ ಒಬ್ರೇ ಅವ್ರೆ. ರಾತ್ರಿ ಇನ್ನೂ ಜೋರಂತೆ" ಎಂದಳು ಸಲೋಮಿ, ಮನೆಗೆ ಎರಡು ಬಾಗಿಲಿದೆ ಎಂದು ಹೊಗಳುವವರ ದನಿಯಲ್ಲಿ.

"ಅಲ್ಲಿ ನಿಂಗೆ ಏನು ಕಮ್ಮಿ ಮಾಡಿದ್ವಿ?"

ಸಲೋಮಿ ತಲೆ ತಗ್ಗಿಸಿದಳು. ಹೋಮಿನಲ್ಲಿ ಕೊಟ್ಟದ್ದನ್ನು ತೊಟ್ಟು, ಬಡಿಸಿದ್ದನ್ನು ಉಂಡು ಬೆಳೆದವಳು. ಬೇಡ ಎನ್ನುವ ಮಾತು ಅವಳ ಬಾಯಿಗೆ ಹೊಸದು. "ಏನೂ ಕಮ್ಮಿ ಇಲ್ಲಕ್ಕ. ಆ ರೂಮು ಚೆನ್ನಾಗೈತೆ. ನಂಗೆ ಬ್ಯಾಡ. ಇದು ಬೇಕು."

ಪ್ರೇಮಕ್ಕ ಶೀಟನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಕೊನೆಗೆ ಸೆರಗನ್ನು ತಲೆಗೆ ಎಳೆದುಕೊಂಡು, ಬನ್ನಿ ಪ್ರಾರ್ಥನೆ ಮಾಡೋಣ ಎಂದರು. "ಕರ್ತನೇ, ಈ ಮನೆಯಲ್ಲಿ ಶಾಂತಿಯನ್ನೂ ನೆಮ್ಮದಿಯನ್ನೂ..." ಎಂದು ಆರಂಭಿಸುವಷ್ಟರಲ್ಲಿ ಆ ಗೋಡೆಯಿಂದ ಗೊರಕೆ ಏರಿತು, ಈ ಗೋಡೆಯಿಂದ ಒಂದು ತಟ್ಟೆ ಬಿದ್ದ ಸದ್ದು. ನಾನು ಒಂದು ಕಣ್ಣು ತೆರೆದೆ. ಪ್ರೇಮಕ್ಕ ತುಟಿ ಕಚ್ಚಿ ಹಿಡಿದಿದ್ದರು. "ಶಾಂತಿ ಹೆಂಗಾದ್ರೂ ಇರ್ಲಿ ತಂದೆ, ನೆಮ್ಮದಿ ಕೊಡು" ಎಂದು ಮುಗಿಸಿದರು. ಆಮೆನ್ ಎಂದು ನಾನೂ ಸೇರಿಸಿದೆ. ನಮ್ಮ ಮನೆಯ ರಾಘವೇಂದ್ರ ಸ್ವಾಮಿಗಳು ತಪ್ಪು ತಿಳಿಯಲಾರರು.

ಅಲ್ಲಿಂದ ಸಲೋಮಿ ಲೈನಿನವಳಾದಳು. ರೈಲಿನಲ್ಲಿ ಈಗ ನಿದ್ದೆ ಮಾಡುವುದಿಲ್ಲ, ಮಾತಾಡುತ್ತಾಳೆ. ಪಾಟಿಯ ಮಂಡಿನೋವು, ನಲ್ಲಿಯ ಸರದಿ, ಜಗಳದ ಮನೆಯವರ ರಾಜಿ, ಎಲ್ಲ ನನಗೆ ವರದಿಯಾಗುತ್ತದೆ. ಆದರೂ ಕ್ರಿಸ್‌ಮಸ್ ಹತ್ತಿರ ಬಂದಂತೆ ನನಗೂ ಪ್ರೇಮಕ್ಕನಿಗೂ ಒಳಗೊಳಗೇ ಪುಕುಪುಕು. ಹಬ್ಬಕ್ಕೆ ಹಳೆಯ ಹುಡುಗಿಯರನ್ನೆಲ್ಲ ಹೋಮಿಗೆ ಕರೆದು, ಆ ರಾತ್ರಿ ಹಾಲಿನಲ್ಲೇ ಮಲಗಿಸುವ ರೂಢಿ. ಅಡಿಗೆಮನೆಯ ಜಾಗ ಇನ್ನೂ ಖಾಲಿ. ಆಡಿ ಬೆಳೆದ ಹಾಲು, ನಲವತ್ತು ಜನರ ಉಸಿರು. ಒಮ್ಮೆ ಮೈ ಚಾಚಿದರೆ ಎದ್ದು ಬರುತ್ತಾಳೆಯೇ?

ಇವತ್ತು, ಹಬ್ಬದ ಮರುದಿನ, ಶಾಲೆಗೆಂದು ಬಂಗಾರಪೇಟೆಯಲ್ಲಿ ಇಳಿದೆ. ಮಾರಿಕುಪ್ಪಂ ಗಾಡಿ ನಿಲ್ಲುವ ಪ್ಲಾಟ್‌ಫಾರಂನಲ್ಲಿ ಸಲೋಮಿ ನಿಂತಿದ್ದಳು. ಹೊಸ ಚೂಡಿದಾರ, ಕೈಯಲ್ಲಿ ಕೇಕಿನ ಪೊಟ್ಟಣ, ಕಣ್ಣು ಕೆಂಪಗೆ ಊದಿಕೊಂಡಿತ್ತು.

"ಅತ್ತಿದೀಯೇನೇ?"

"ಇಲ್ಲಕ್ಕ, ನಿದ್ದೆ ಇಲ್ಲ." ಆಕಳಿಸಿದಳು. "ರಾತ್ರಿಯೆಲ್ಲ ಅತ್ಲಾಗ್ ಒಳ್ಳಾಡಿದೆ, ಇತ್ಲಾಗ್ ಒಳ್ಳಾಡಿದೆ. ನಲವತ್ತು ಜನ ಗೊರಕೆ ಒಡೀತಾರೆ, ಒಂದೂ ನಮ್ ಪಾಟೀದಲ್ಲ."

"ಮತ್ತೆ ಅಡಿಗೆಮನೆ ಕೆಲಸ?"

"ಬ್ಯಾಡ ಅಂತ ಏಳ್ಬಿಟ್ಟು ಬಂದೆ." ಗಾಡಿ ಬಂತು. ಹತ್ತುತ್ತಾ ತಿರುಗಿ ನೋಡಿದಳು. "ಬತ್ತೀನಕ್ಕ. ಮನೇಗ್ ಓಗಿ ಮಲಗ್ಬೇಕು."