ಬಲಕ್ಕೇ ಸುತ್ತುತ್ತಿದ್ದ ಜವರಯ್ಯ

ಆ ದಿನ ಬೆಳಿಗ್ಗೆ ನಾನು ಹಾಲು ಒಲೆಯ ಮೇಲಿಟ್ಟು ಅಡುಗೆಮನೆಯ ಕಿಟಕಿಯಿಂದ ನೋಡಿದಾಗ, ಜವರಯ್ಯ ಎಂದಿನಂತೆ ಕಾರಿಗೆ ಸುತ್ತು ಬರುತ್ತಿದ್ದರು. ಮೂರು ಸುತ್ತು, ಕಾರನ್ನು ಬಲಕ್ಕಿಟ್ಟುಕೊಂಡು. ಒಂದು ಸುತ್ತಿಗೆ ಟೈರು ಒತ್ತಿ ನೋಡುವುದು, ಎರಡನೆಯ ಸುತ್ತಿಗೆ ಬಗ್ಗಿ ಅಡಿಯಲ್ಲಿ ಎಣ್ಣೆ ಸೋರಿದೆಯೇ ನೋಡುವುದು, ಮೂರನೆಯದರಲ್ಲಿ ಹೆಗಲ ಮೇಲಿನ ಟವಲಿನಿಂದ ಗಾಜು ಒರೆಸುವುದು. ಅಂಗಳದ ತುಳಸಿಕಟ್ಟೆಯನ್ನು, ಬಾವಿಯನ್ನು, ಊಟಕ್ಕೆ ಕೂತವರ ಪಂಕ್ತಿಯನ್ನು ಕೂಡ ಅವರು ಬಲಕ್ಕಿಟ್ಟುಕೊಂಡೇ ದಾಟುತ್ತಿದ್ದರು. ಪಕ್ಕದ ಮನೆಯ ಪುಟ್ಟತಾಯಮ್ಮನವರು ಇದನ್ನು ಬಹಳ ದಿನ ಕಾಂಪೌಂಡಿನ ಮೇಲಿಂದ ನೋಡಿ, ಈತ ಕಾರಿಗೆ ಪ್ರದಕ್ಷಿಣೆ ಹಾಕುವ ಭಕ್ತ ಎಂದೇ ತೀರ್ಮಾನಿಸಿ, ತಮ್ಮ ಮನೆಯ ಪ್ರಸಾದದಲ್ಲೆಲ್ಲ ಅವರಿಗೂ ಒಂದು ಪಾಲು ಕಳಿಸುತ್ತಿದ್ದರು. ಜವರಯ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರೇ ಹೊರತು, ನಿಜ ಹೇಳುತ್ತಿರಲಿಲ್ಲ.

ನಿಜ ಏನೆಂದರೆ, ಅದು ಸರ್ಕೀಟಿನ ದಿಕ್ಕು.

ಮದರಾಸಿನಿಂದ ಆಚೆ ಎಲ್ಲೋ ಇದ್ದ ಮೋಟಾರು ರೇಸಿನ ಮೈದಾನವನ್ನು ಜವರಯ್ಯ ಸರ್ಕೀಟು ಎನ್ನುತ್ತಿದ್ದರು. ನಮ್ಮ ಮನೆಗೆ ಡ್ರೈವರಾಗಿ ಬರುವ ಮುಂಚೆ ಅಲ್ಲಿ ಎಷ್ಟೋ ವರ್ಷ ಇದ್ದವರು ಅವರು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ “ರೇಸ್ ಓಡ್ಸಿದೋರು ಕಣಪ್ಪಾ ಅವ್ರು” ಎನ್ನುತ್ತಿದ್ದರು. ಹಾಗೆಂದು ಜವರಯ್ಯ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅಲ್ಲ ಎಂದದ್ದನ್ನೂ ಕೇಳಿಲ್ಲ.

“ಅದು ರೋಡಲ್ಲ ಅಮ್ಮಾವ್ರೆ,” ಎಂದು ಅವರು ಶುರುಮಾಡುತ್ತಿದ್ದರು. “ಯುದ್ದದ ಟೇಮ್ನಲ್ಲಿ ಇಮಾನ ಇಳಿಸಾಕೆ ಅಂತ ಇಂಗ್ಲೀಸ್ನೋರು ಉಯ್ಸಿದ್ ಕಾಂಕ್ರೀಟು. ಯುದ್ದ ಮುಗೀತು, ಇಮಾನ ಬರ್ನಿಲ್ಲ. ಸುತ್ತಮುತ್ತ ಊರೋರು ಬಂದು ಬತ್ತ ಒಣಗಾಕಾಕೆ ಸುರು ಮಾಡುದ್ರು. ನೆಲ ಅಂದ್ರೆ ನೆಲ, ಒಂದ್ ಕಾಳು ಸಂದೀಗೆ ಓಗಾಕಿಲ್ಲ. ಆಮ್ಯಾಕೆ ಮೋಟಾರು ಚಟದ ಸಾವ್ಕಾರ್ರು ಬಂದ್ರು. ಬತ್ತ ತೆಗೀರಿ, ನಾವ್ ಓಡುಸ್ತೀವಿ ಅಂದ್ರು.”

ಒಂದು ಉದ್ದನೆಯ ನೇರ ದಾರಿ. ಅದರ ಕೊನೆಗೆ ಬಲಕ್ಕೊಂದು ತಿರುವು, ಸರ್ವೆಮರದ ತೋಪಿನ ಪಕ್ಕ. ಅಲ್ಲಿ ಗಾಳಿ ಅಡ್ಡ ಹೊಡೆಯುತ್ತದಂತೆ. ಆಮೇಲೊಂದು ತುಂಡು ದಾರಿ, ಅದು ಮುಗಿಯುವಷ್ಟರಲ್ಲಿ ಹೇರ್‌ಪಿನ್ ತಿರುವು. ನನ್ನ ಜಡೆಯ ಪಿನ್ನೊಂದನ್ನು ಕೇಳಿ ಪಡೆದು, ಊಟದ ಮೇಜಿನ ಮೇಲಿಟ್ಟು ತೋರಿಸಿದ್ದರು. ಅಲ್ಲಿಂದ ವಾಪಸು ಬರುವಾಗ ಒಂದೇ ಒಂದು ಕಡೆ ಎಡಕ್ಕೆ, “ಒಸಿ ಸೊಂಟ ಆಡಿಸ್ದಂಗೆ”. ಕೊನೆಯದು ಅಗಲವಾದ ಬಲ ತಿರುವು, ಮತ್ತೆ ನೇರ ದಾರಿ. ಕಾಂಕ್ರೀಟಿನ ಚಪ್ಪಡಿಗಳ ನಡುವೆ ಟಾರು ತುಂಬಿದ್ದರಂತೆ. ಬಿಸಿಲೇರಿದ ಮೇಲೆ ಆ ಟಾರು ಉಬ್ಬಿ, ಚಕ್ರ ಹಾಯುವಾಗಲೆಲ್ಲ ಟಕ್ ಟಕ್ ಎನ್ನುತ್ತಿತ್ತಂತೆ. ಹೇರ್‌ಪಿನ್ನಿನ ಒಳಮಗ್ಗುಲಲ್ಲಿ ಒಂದು ಚಪ್ಪಡಿ ಮೂಲೆ ಮುರಿದು ಅಂಗೈಯಷ್ಟು ತಗ್ಗು. ತೋಪಿನ ತಿರುವಿನಲ್ಲಿ ನೆಲ ಎಡಕ್ಕೆ ಒಂದು ಬೆರಳು ಇಳಿಜಾರು, ಮಳೆನೀರು ಹರಿಯಲೆಂದು. ಒಬ್ಬ ಮನುಷ್ಯ ಒಂದು ನೆಲವನ್ನು ಇಷ್ಟು ಹತ್ತಿರದಿಂದ ಹೇಗೆ ನೋಡಿದ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ನಾನೂ ಹದ್ದಿನ ಕಣ್ಣಿನವಳೇ, ತಟ್ಟೆಯ ಅಂಚಿನ ಬಿರುಕನ್ನು ದೂರದಿಂದಲೇ ಕಾಣುವವಳು. ಆದರೆ ನನ್ನ ತಟ್ಟೆ ಓಡುತ್ತಿರಲಿಲ್ಲ.

ಸರ್ಕೀಟಿನ ಗೌರವಕ್ಕೆಂದು ಜವರಯ್ಯ ಒಂದು ವ್ರತ ಹಿಡಿದಿದ್ದರು. ಕಾರನ್ನು ಹಿಂದಕ್ಕೆ ಬಿಡುತ್ತಿರಲಿಲ್ಲ. ಸಂಜೆ ಮೂತಿ ಮುಂದಾಗಿ ಶೆಡ್ಡಿನೊಳಗೆ ನುಗ್ಗಿಸಿ ನಿಲ್ಲಿಸುವುದು, ಬೆಳಿಗ್ಗೆ ಹೊರಕ್ಕೆ ತಳ್ಳಿಸುವುದು. ತಳ್ಳುವವರು ನಾನು, ಹಾಲಿನ ಗಿಡ್ಡೇಗೌಡ, ಮತ್ತು ಒಂದು ಕೈಯಲ್ಲಿ ನಮ್ಮ ಯಜಮಾನರು. ಯಜಮಾನರು ಪಶುವೈದ್ಯರು. ಎರಡು ವರ್ಷದ ಹಿಂದೆ ಕಟ್ಟಾಯ ಊರಿನ ಎಮ್ಮೆಯೊಂದು ಅವರ ಬಲಗೈಗೆ ಒದ್ದು, ಮೊಳಕೈ ಪೂರ್ತಿ ಮಡಚದಂತಾದ ಮೇಲೆಯೇ ಜವರಯ್ಯ ನಮ್ಮಲ್ಲಿಗೆ ಬಂದದ್ದು. ದಾರಿಯಲ್ಲಿ ತಿರುವು ತಪ್ಪಿದರೂ ಜವರಯ್ಯನ ವ್ರತ ಮುರಿಯುತ್ತಿರಲಿಲ್ಲ. ಒಮ್ಮೆ ಅರಕಲಗೂಡಿನ ದಾರಿಯಲ್ಲಿ ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿದ್ದ ಮನೆಯನ್ನು ಹತ್ತು ಮಾರು ದಾಟಿಬಿಟ್ಟರಂತೆ. ಜವರಯ್ಯ ಹಿಂದಕ್ಕೆ ಬಿಡಲಿಲ್ಲ. ಮುಂದೆ ಎಲ್ಲೋ ಅರಳಿಕಟ್ಟೆ ಸಿಗುವ ತನಕ ಹೋಗಿ, ಅದನ್ನು ಬಲಕ್ಕಿಟ್ಟುಕೊಂಡು ಸುತ್ತಿ ಬಂದರು. ಅಷ್ಟರಲ್ಲಿ ಹಸು ತಾನೇ ಕರು ಹಾಕಿತ್ತು. ಯಜಮಾನರು ಮನೆಗೆ ಬಂದ ಮೇಲೆ, “ರೇಸಿನ ಮನುಷ್ಯ, ಏನೋ ಶಿಸ್ತು ಇರತ್ತೆ” ಎಂದರು ನನ್ನ ಹತ್ತಿರ.

ಬೇಸಿಗೆಯ ಹೊತ್ತಿಗೆ ಜವರಯ್ಯನ ಕಣ್ಣಿಗೆ ಪೊರೆ ಬಂತು. ಎದುರಿನ ಎತ್ತಿನಗಾಡಿ ಕಂಡರೂ ಎತ್ತು ಎರಡೋ ಒಂದೋ ಎಂದು ಅನುಮಾನವಾಗತೊಡಗಿತು. ಅವರೇ ಬಂದು ಹೇಳಿದರು, ದಂಡಿಗನಹಳ್ಳಿಯ ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದು. ಆಮೇಲೆ, “ಓಗಕ್ ಮುಂಚೆ ಅಮ್ಮಾವ್ರಿಗೆ ಕಲಿಸ್ಬುಟ್ಟು ಓಯ್ತೀನಿ ಸಾ” ಎಂದರು ಯಜಮಾನರಿಗೆ. “ಇಲ್ದಿದ್ರೆ ಅಳ್ಳಿ ದನಗೊಳ ಗತಿ ಏನು?”

ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಮೇಜಿನ ಬಟ್ಟೆಗೆ ಕಸೂತಿ ಹಾಕುವುದನ್ನು, ಸದ್ದಾಗದಂತೆ ಸೂಪು ಕುಡಿಯುವುದನ್ನು ಕಲಿಸಿದ್ದರು. ಹೊಳೆನರಸೀಪುರದಲ್ಲಿ ಸೂಪು ಯಾರೂ ಮಾಡುತ್ತಿರಲಿಲ್ಲ. ಹಾಗಾಗಿ ಹೊಸದೇನಾದರೂ ಕಲಿಯಲು ನನಗೆ ಅಡ್ಡಿಯಿರಲಿಲ್ಲ.

ಸಂತೆ ಇಲ್ಲದ ದಿನಗಳಲ್ಲಿ ಸಂತೆಮಾಳದ ಮೇಲೆ ಜವರಯ್ಯ ಸುಣ್ಣದ ಪುಡಿಯಿಂದ ಇಡೀ ಸರ್ಕೀಟನ್ನು ಎಳೆಯುತ್ತಿದ್ದರು. ತಿರುವಿಗೊಂದು ಸೀಮೆಎಣ್ಣೆ ಡಬ್ಬ, ಅದರ ಹಿಂದೆ ರಾಗಿಹುಲ್ಲಿನ ಪಿಂಡಿ. ಮದರಾಸಿನಲ್ಲೂ ಹೀಗೆಯೇ ಹುಲ್ಲು ಇಡುತ್ತಿದ್ದರಂತೆ, ದಾರಿ ತಪ್ಪಿದ ಕಾರು ಮೆತ್ತಗೆ ನಿಲ್ಲಲೆಂದು. ಅಲ್ಲಿ ಹಸುಗಳಿರಲಿಲ್ಲವೋ ಏನೋ. ನಮ್ಮಲ್ಲಿ ನಾನು ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಒಂದು ಕೆಂದ ಹಸು ಹೇರ್‌ಪಿನ್ನನ್ನು ಪೂರ್ತಿ ತಿಂದು ಮುಗಿಸಿರುತ್ತಿತ್ತು.

“ಬ್ರೇಕು ತಿರುವಿಗ್ ಮುಂಚೆ ಅಮ್ಮಾವ್ರೆ, ತಿರುವ್ನಲ್ಲಲ್ಲ. ತಿರುವು ಬಂದ್ಮೇಲೆ ಯೋಚ್ನೆ ಮಾಡೋನು ಉಲ್ಲಿಗ್ ಓಯ್ತಾನೆ.”

“ಹಾರ್ನು ಯಾವಾಗ ಮಾಡಬೇಕು ಜವರಯ್ಯ?”

“ಸರ್ಕೀಟ್ನಲ್ಲಿ ಆರ್ನಿಲ್ಲ.”

“ಇದು ಸಂತೆಮಾಳ.”

“ಅಂಗಾರೆ ಆ ಅಸುಗೆ ಒಂದ್ ದಪಾ ಮಾಡಿ,” ಎಂದು ಒಪ್ಪಿಕೊಂಡರು.

ನಾನು ಹಳೆಯ ಕಾಪಿ ಪುಸ್ತಕದಲ್ಲಿ ಸರ್ಕೀಟಿನ ಚಿತ್ರ ಬರೆದು, ಎಲ್ಲಿ ಗೇರು ಬದಲಿಸಬೇಕೋ ಅಲ್ಲಿ ಕೆಂಪು ಪೆನ್ಸಿಲಿನ ಗುರುತು ಹಾಕಿಕೊಂಡಿದ್ದೆ. ಒಂದೂವರೆ ತಿಂಗಳಿಗೆ ಕಣ್ಣು ಮುಚ್ಚಿ ಆ ದಾರಿ ಹೇಳಬಲ್ಲವಳಾದೆ. ಹಿಂದಕ್ಕೆ ಬಿಡುವುದನ್ನು ಒಂದೆರಡು ಸಲ ಕೇಳಿದೆ. “ಮುಂದಕ್ ಕಲೀರಿ ಮೊದ್ಲು” ಎಂದು ಟವಲು ಕೊಡವಿ ಬೇರೆ ಕಡೆ ನೋಡಿದರು. ನಾನೂ ಬಿಟ್ಟೆ. ಕಾರು ತಳ್ಳುವುದು ಹೇಗೂ ಅಭ್ಯಾಸವಾಗಿತ್ತು.

ನಾನು ಮೊದಲಿಗೆ ಹೇಳಿದ ಬೆಳಗು ಪರೀಕ್ಷೆಯ ಬೆಳಗು. ಜವರಯ್ಯನ ಕಡೆಯ ದಿನ ಕೂಡ. ಅವರ ತಗಡಿನ ಟ್ರಂಕು ಆಗಲೇ ಡಿಕ್ಕಿಯಲ್ಲಿತ್ತು. ಹಾಸನದಲ್ಲಿ ಲೈಸೆನ್ಸು ಆದ ಮೇಲೆ ಅವರು ಅಲ್ಲಿಂದಲೇ ಮಗಳ ಊರಿನ ಕಡೆಗೆ ಚನ್ನರಾಯಪಟ್ಟಣದ ಬಸ್ಸು ಹತ್ತುವುದೆಂದು ಮಾತಾಗಿತ್ತು. ಲೈಸೆನ್ಸು ಆಗದಿದ್ದರೆ ಮತ್ತೆ ಯಾವಾಗ ಕರೆಯುತ್ತಾರೋ, ಅಲ್ಲಿಯ ತನಕ ಕಾರು ಶೆಡ್ಡಿನಲ್ಲಿ, ಯಜಮಾನರು ವರಾಂಡದಲ್ಲಿ, ದನಗಳು ದೇವರ ಕೈಯಲ್ಲಿ. ನಾನು ಚಿತ್ರಾನ್ನ ಕಟ್ಟಿಕೊಂಡೆ. ನಾನು, ಯಜಮಾನರು, ಗಿಡ್ಡೇಗೌಡ ಸೇರಿ ಕಾರು ತಳ್ಳಿದೆವು. ಪುಟ್ಟತಾಯಮ್ಮನವರು ಕಾಂಪೌಂಡಿನ ಮೇಲೆ ಕೈಯೂರಿ, “ಇವತ್ತಾದ್ರೂ ಅದು ತಾನೇ ಆಚಿಗ್ ಬರಾಕಿಲ್ವ?” ಎಂದರು.

ಹಾಸನದ ಪರೀಕ್ಷೆಯ ಬಯಲಿನಲ್ಲಿ ಇನ್ಸ್‌ಪೆಕ್ಟರು ಕೊಡೆ ಮಡಚಿ ನನ್ನ ಪಕ್ಕ ಕುಳಿತರು. ಸಣ್ಣ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ನಾನು ಬಯಲನ್ನು ಎರಡು ಸುತ್ತು ಬಂದೆ. ತಿರುವಿಗೆ ಮುಂಚೆ ಬ್ರೇಕು, ತಿರುವಿನ ಹೊಟ್ಟೆಯಲ್ಲಿ ಸಮ, ಬಿಡುವಾಗ ಹಗುರ. ಮಡಿಲಲ್ಲಿದ್ದ ಅವರ ಕಡತ ಜಾರಲಿಲ್ಲ.

“ಚೆನ್ನಾಗಿ ಕಲ್ತಿದೀರಿ,” ಎಂದರು. “ಈಗ ಆ ಎರಡು ಕಲ್ಲಿನ ನಡುವೆ ಹಿಂದಕ್ಕೆ ಬಿಡಿ.”

ನಾನು ಹೊಂಗೆಮರದ ಕಡೆ ನೋಡಿದೆ. ಮರದಡಿ ಯಜಮಾನರ ಪಕ್ಕ ಜವರಯ್ಯ ನಿಂತಿದ್ದರು, ಎಲೆಗಳನ್ನು ನೋಡುತ್ತ. ಕಾನ್ವೆಂಟಿನ ಹುಡುಗಿಗೆ ಸುಳ್ಳು ಬರುವುದಿಲ್ಲ. “ಅದು ನನಗೆ ಬರಲ್ಲ ಸರ್,” ಎಂದೆ.

“ಯಾಕಮ್ಮ?”

“ಸರ್ಕೀಟಿನಲ್ಲಿ ಹಿಂದಕ್ಕೆ ಹೋಗೋ ಪದ್ಧತಿ ಇಲ್ಲ ಸರ್.”

ಅವರು ಕಡತ ಮಡಚಿದರು. ಆಮೇಲೆ ಕೊಡೆ ಎತ್ತಿಕೊಂಡು ಇಳಿದರು. “ನಾನು ಊಟ ಮುಗಿಸಿ ಮೂರು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಸರ್ಕೀಟು ಬಿಟ್ಟು ಹಾಸನಕ್ಕೆ ಬಂದಿರಿ.”

ನಾನು ಮರದ ಕೆಳಗೆ ಬಂದು ನಡೆದದ್ದನ್ನು ಹೇಳಿದೆ. ಯಜಮಾನರು ಚಿತ್ರಾನ್ನದ ಗಂಟು ಬಿಚ್ಚಿ, ಮತ್ತೆ ಕಟ್ಟಿದರು. ಆಮೇಲೆ ಕಾಫಿ ಹುಡುಕುವ ನೆವದಲ್ಲಿ ಎದ್ದು ಹೋದರು. ಒಬ್ಬರ ಮುಖ ಇಳಿದಾಗ ನೋಡುತ್ತ ಕೂರುವ ಅಭ್ಯಾಸ ಅವರಿಗಿಲ್ಲ.

ಜವರಯ್ಯ ಟವಲನ್ನು ಹೆಗಲಿನಿಂದ ತೆಗೆದು ಮಡಚಿ ಸೀಟಿನ ಮೇಲಿಟ್ಟರು. “ಪಕ್ಕಕ್ ಬನ್ನಿ ಅಮ್ಮಾವ್ರೆ,” ಎಂದು ಸ್ಟೀರಿಂಗಿನ ಹಿಂದೆ ಕುಳಿತರು. ಎಡಗೈ ಸೀಟಿನ ಬೆನ್ನಿಗೆ ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿ, ಬಲಗೈಯ ಒಂದೇ ಅಂಗೈಯಲ್ಲಿ ಚಕ್ರ ಉರುಳಿಸುತ್ತ, ಬಯಲಿನ ಆ ತುದಿಯಿಂದ ಎರಡು ಕಲ್ಲುಗಳ ನಡುವೆ ಕಾರನ್ನು ತಂದು ನಿಲ್ಲಿಸಿದರು. ನಡುವೆ ಒಂದು ಕಡೆಯೂ ತಡೆಯಲಿಲ್ಲ, ತಿದ್ದಲಿಲ್ಲ. ನಾನಿಳಿದು ನೋಡಿದೆ. ಎರಡೂ ಕಡೆ ಸಮ ಒಂದು ಗೇಣು.

“ನಾನು ರೇಸು ಓಡಿಸ್ನಿಲ್ಲ,” ಎಂದರು ಜವರಯ್ಯ, ಇನ್ನೂ ಹಿಂದಿನ ಗಾಜಿನ ಕಡೆಗೇ ಮುಖ ಮಾಡಿ. “ನೀರಿನ ಲಾರಿ ಓಡುಸ್ತಿದ್ದೆ. ರೇಸಿಗ್ ಮುಂಚೆ ಮಣ್ಣು, ಎಣ್ಣೆ ಎಲ್ಲ ತೊಳೀಬೇಕಲ್ಲ. ಲಾರಿ ಇಂದ್ಗಡೆ ತೂತಿನ ಪೈಪು. ಎರಡು ಕಡೆ ಪಿಂಡಿ ಕಟ್ಬುಟ್ಟಿರೋರು, ತಿರುಗ್ಸಾಕೆ ಜಾಗಿಲ್ಲ. ಒಂದ್ ಕಡೆ ನೀರು ಬೀಳ್ನಿಲ್ಲ ಅಂದ್ರೆ ಇಂದಕ್ಕೇ ಬರ್ಬೇಕು. ಇಡೀ ಸರ್ಕೀಟ್ನ ಇಂದಿಂದಕ್ಕೇ ಸುತ್ತಿವ್ನಿ ಅಮ್ಮಾವ್ರೆ.”

ನಾನು ಕಾರಿನ ಬಾಗಿಲಿಗೆ ಒರಗಿ ನಿಂತೆ.

“ಇಲ್ಲಿಗ್ ಬಂದಾಗ ಯಾರೋ ರೇಸಿನೋರು ಅಂದ್ಬುಟ್ರು. ನಾನು ಸುಮ್ಕಾದೆ. ಆಮ್ಯಾಕೆ ಇಂದಕ್ ಬಿಟ್ರೆ ಗೊತ್ತಾಗೋಯ್ತದೆ ಅನ್ನುಸ್ತು. ಇಂಗ್ ಬಿಡೋನು ಲಾರಿಯೋನೇ ಅಂತ ಬಸ್‌ಸ್ಟ್ಯಾಂಡ್ನೋರು ಇಡುದ್ಬುಡ್ತಾರೆ.” ಆಗ ಮುಂದಕ್ಕೆ ತಿರುಗಿದರು. “ಕೂತ್ಕಳಿ. ಕನ್ನಡಿ ನೋಡ್ಬ್ಯಾಡಿ, ಕತ್ತು ತಿರುಗ್ಸಿ. ಇಂದ್ಗಡೆ ಮೂಲೆ ಯಾವ್ ಕಡೀಗ್ ಓಗ್ಬೇಕೋ ಚಕ್ರಾನೂ ಆ ಕಡೀಗೇ. ಮೆಲ್ಲಗೆ. ನೀರು ಚೆಲ್ತಾ ಓಯ್ತಾ ಇವ್ನಿ ಅನ್ಕಳಿ.”

ನಾನು ನೀರು ಚೆಲ್ಲಿದೆ. ಮೊದಲ ಸಲ ಎಡಗಲ್ಲಿನ ಮೇಲೆ, ಎರಡನೆಯ ಸಲ ಬಲಗಲ್ಲಿನ ಮೇಲೆ. ಎಷ್ಟನೆಯ ಸಲಕ್ಕೋ ಎರಡರ ನಡುವೆ. ಆಗ ನನಗೆ ಆ ಉಬ್ಬಿದ ಟಾರು, ಆ ಅಂಗೈಯಷ್ಟು ತಗ್ಗು, ಆ ಒಂದು ಬೆರಳು ಇಳಿಜಾರು ಎಲ್ಲ ಎಲ್ಲಿಂದ ಬಂದವೆಂದು ತಿಳಿಯಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ದಾಟಿಹೋಗುವ ಸಾಹುಕಾರರಿಗೆ ಆ ನೆಲ ಕಂಡಿರಲಾರದು. ಅದನ್ನು ಹಾಗೆಂದೇ ಹೇಳಿದೆ. ಜವರಯ್ಯ ಟವಲು ಎತ್ತಿ ಮತ್ತೆ ಹೆಗಲಿಗೆ ಹಾಕಿಕೊಂಡರು.

“ಆದ್ರೂ ಒಳೆನರಸೀಪುರದಲ್ಲಿ ಈ ಮಾತು ಆಡ್ಬ್ಯಾಡಿ,” ಎಂದರು.

ಮೂರು ಗಂಟೆಗೆ ಇನ್ಸ್‌ಪೆಕ್ಟರು ಬಂದರು. ಕಾಗದಕ್ಕೆ ಸಹಿ ಹಾಕುತ್ತ, “ಊಟದ ಹೊತ್ತಿನಲ್ಲಿ ಯಾರಮ್ಮ ಕಲಿಸಿದ್ದು?” ಎಂದು ಕೇಳಿದರು. “ನಮ್ಮ ರೇಸಿನ ಡ್ರೈವರು ಸರ್,” ಎಂದೆ. ಕಾನ್ವೆಂಟು ಬಿಟ್ಟ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು.

ಹಾಸನದ ಬಸ್ ನಿಲ್ದಾಣದಲ್ಲಿ ಜವರಯ್ಯ ಕಾರಿನ ಸುತ್ತ ಮೂರು ಸುತ್ತು ಬಂದು, ಗಾಜು ಒರೆಸಿ, ಟ್ರಂಕು ಎತ್ತಿಕೊಂಡರು. ಹೋಗಿಬರುತ್ತೇನೆ ಎಂದು ಯಜಮಾನರಿಗೆ ಕೈಮುಗಿದರು. ನನಗೆ ಹೇಳಿದ್ದು, “ತಿರುವಿಗ್ ಮುಂಚೆ” ಎಂದಷ್ಟೇ. ಚನ್ನರಾಯಪಟ್ಟಣದ ಬಸ್ಸು ಹಿಂದಕ್ಕೆ ಬಂದು ಹೊರಳಬೇಕಿತ್ತು. ಕಂಡಕ್ಟರು ಸೀಟಿ ಊದುತ್ತಿದ್ದ. ಕಡೆಯ ಕಿಟಕಿಯಿಂದ ಜವರಯ್ಯ ತಲೆ ಹೊರಗೆ ಹಾಕಿ, ಆ ಪೊರೆಗಣ್ಣಿನಲ್ಲೇ ಹಿಂದಿನ ಚಕ್ರ ನೋಡುತ್ತ, “ಬರ್ಲಿ, ಬರ್ಲಿ, ಒಸಿ ಎಡಕ್ಕೆ” ಎಂದು ಡ್ರೈವರಿಗೆ ಕೈ ಮಾಡುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮಗಳ ಊರಿನಲ್ಲೂ ಅವರು ಬಾವಿಯನ್ನು ಬಲಕ್ಕಿಟ್ಟುಕೊಂಡೇ ದಾಟುತ್ತಿದ್ದರು ಎಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು.

ಆ ದಿನ ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಯಜಮಾನರು ಇಳಿದು ಶೆಡ್ಡಿನ ಬಾಗಿಲು ತೆರೆದರು. ನಾನು ಕಾರನ್ನು ಬೀದಿಯಲ್ಲಿ ತಿರುಗಿಸಿ, ಕತ್ತು ಹಿಂದಕ್ಕೆ ಹಾಕಿ, ನೀರು ಚೆಲ್ಲುತ್ತ ಚೆಲ್ಲುತ್ತ ಹಿಂಬದಿಯಿಂದ ಶೆಡ್ಡಿನೊಳಗೆ ತಂದು ನಿಲ್ಲಿಸಿದೆ. ಪುಟ್ಟತಾಯಮ್ಮನವರು ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕೈಯಲ್ಲಿ ಸೀರೆ ಹಿಡಿದೇ ನೋಡಿದರು.

“ಅಯ್ಯೋ, ಇಷ್ಟೇ ಸಲೀಸಾ ಇದು?” ಎಂದರು, ಸೀರೆ ಮಡಚುತ್ತ. “ಪಾಪ, ಜವರಯ್ಯಂಗೂ ಒಸಿ ಏಳ್ಕೊಟ್ಟು ಕಳಿಸ್ಬೇಕಾಗಿತ್ತು ಕಣವ್ವ ನೀನು.”