ಎಡಗೈ ಹೆಬ್ಬೆರಳು

ಇಸ್ತ್ರಿ ಅಂಗಡಿಯವನ ಹೆಂಡತಿಗೆ ಬಿಪಿ ಇತ್ತು, ಫೋನಿರಲಿಲ್ಲ. ಹಾಗಾಗಿ ಆಸ್ಪತ್ರೆಯವರು ಅವನ ನಂಬರನ್ನೇ ಬರೆದುಕೊಂಡರು. ಬೆಳಿಗ್ಗೆ ಅವನು ಅಂಗಡಿಯಲ್ಲಿದ್ದಾಗ ಮೆಸೇಜು ಬರುತ್ತಿತ್ತು: ಮಾತ್ರೆ ತೆಗೆದುಕೊಂಡಿದ್ದರೆ ಒಂದು ಒತ್ತಿ. ಒತ್ತದಿದ್ದರೆ ಮಧ್ಯಾಹ್ನದವರೆಗೂ ಅದೇ ರಾಗ.

ಮೊದಮೊದಲು ಊಟಕ್ಕೆ ಮನೆಗೆ ಹೋಗಿ, ಅವಳಿಗೆ ಹೇಳಿ, ನುಂಗಿದ ಮೇಲೆಯೇ ಒತ್ತುತ್ತಿದ್ದ. ಒಂದು ದಿನ ಫೋನಿನ ಕಡೆ ತಿರುಗಿದ ಗಳಿಗೆಯಲ್ಲಿ ಗಿರಾಕಿಯ ಬಿಳಿ ಅಂಗಿ ಸುಟ್ಟುಹೋಯಿತು. ಅಲ್ಲಿಂದಾಚೆಗೆ ಬಲಗೈ ಇಸ್ತ್ರಿ ಬಿಡಲಿಲ್ಲ. ಮೆಸೇಜು ಬಂದ ಕೂಡಲೇ ಎಡಗೈ ಹೆಬ್ಬೆರಳು ಒಂದು ಒತ್ತಿಬಿಡುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅವಳೇನು ಎಳೆ ಮಗುವೇ, ನುಂಗಿರುತ್ತಾಳೆ ಎಂದುಕೊಂಡ. ಮನೆಯಲ್ಲಿ ಆ ಮಾತೇ ನಿಂತುಹೋಯಿತು. ಕೆಟ್ಟವನೇನಲ್ಲ, ಪುರುಸೊತ್ತಿಲ್ಲದವನು, ಅಷ್ಟೆ.

ಅವಳು ಬಚ್ಚಲಲ್ಲಿ ಬಿದ್ದಳು. ಬಲಭಾಗ ಸ್ವಾಧೀನ ತಪ್ಪಿತು, ಬಾಯಿ ಸೊಟ್ಟಗಾಯಿತು. ವಾರ್ಡಿನಲ್ಲಿ ಅವಳಿಗೆ ಮಾತು ತಿರುಗಿ ಬಂದ ದಿನ, ನೀನು ಮಾತ್ರೆ ನುಂಗುತ್ತಿದ್ದೆ ತಾನೇ ಎಂದು ಕೇಳಿದ.

"ನೀವು ಹೇಳೋದು ಬಿಟ್ರಲ್ಲ," ಎಂದಳು ತೊದಲುತ್ತ. "ಡಾಕ್ಟ್ರೇ ನಿಲ್ಸಿದಾರೆ ಅಂದ್ಕೊಂಡೆ."

ದೂರು ಹೇಳುವ ದನಿಯಾಗಿರಲಿಲ್ಲ ಅದು. ಅವನಿಗೆ ಅಳು ಬರಲಿಲ್ಲ. ಹೊದಿಕೆಯ ಸುಕ್ಕನ್ನು ಅಂಗೈಯಿಂದ ತೀಡುತ್ತ ಕೂತ.

ಅಷ್ಟರಲ್ಲಿ ಡಾಕ್ಟರು ಬಂದು ಕಂಪ್ಯೂಟರ್ ನೋಡಿದರು. ಇವರು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಆದರೂ ಹೀಗಾಗಿದೆ ಎಂದರೆ ಈ ಮಾತ್ರೆ ಇವರಿಗೆ ಸಾಲದು, ಇನ್ನೂ ಜೋರಿನದು ಕೊಡಬೇಕು ಎಂದು ನರ್ಸಿಗೆ ಹೇಳಿದರು. ನರ್ಸ್ ಬರೆದುಕೊಳ್ಳತೊಡಗಿದಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ಮಾತ್ರೆ ಇಳಿಯಬೇಕಾದದ್ದು ಅವಳ ಗಂಟಲಲ್ಲಿ.

"ಅವಳು ತಗೊಂಡೇ ಇಲ್ಲ ಸಾರ್," ಎಂದ. "ಒತ್ತಿದ್ದು ನಾನು."

ನರ್ಸಿನ ಪೆನ್ನು ನಿಂತಿತು. ಡಾಕ್ಟರು ಬೈಯಲೂ ಇಲ್ಲ. ಹಳೆಯ ಮಾತ್ರೆಯನ್ನೇ ಮೊದಲಿನಿಂದ ಶುರು ಮಾಡಿಸಿದರು.

ಈಗ ಮೆಸೇಜು ಬರುವವರೆಗೂ ಅವನು ಅಂಗಡಿ ತೆರೆಯುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಅವನಿಗೂ ಗೊತ್ತು. ಮಾತ್ರೆಯನ್ನು ಅವಳ ನಾಲಿಗೆಯ ಮೇಲಿಟ್ಟು, ನೀರು ಕುಡಿಸಿ, ಗಂಟಲು ಅಲುಗುವುದನ್ನು ನೋಡುತ್ತಾನೆ. ಆಮೇಲೆ ಫೋನನ್ನು ಅವಳ ಮುಂದೆ ಹಿಡಿಯುತ್ತಾನೆ. ಅವಳು ಎಡಗೈ ಹೆಬ್ಬೆರಳಿನಿಂದ ತಡಕಾಡಿ ಒಂದು ಒತ್ತುತ್ತಾಳೆ.

ಧನ್ಯವಾದ, ನಿಮ್ಮ ಆರೋಗ್ಯ ಚೆನ್ನಾಗಿರಲಿ ಎಂದು ಉತ್ತರ ಬರುತ್ತದೆ. ಅವನು ಒತ್ತುತ್ತಿದ್ದಾಗಲೂ ಹೀಗೆಯೇ ಬರುತ್ತಿತ್ತು.