ತೂತಿಲ್ಲದ ಸೊಪ್ಪು

ಕಳೆದ ಶನಿವಾರ ಒಲೆಯ ಮೇಲೆ ಕುದಿಯುತ್ತಿದ್ದ ಸೊಪ್ಪಿನ ಸಾರನ್ನು ಹಿತ್ತಲಿಗೆ ಒಯ್ದು, ಗುಂಡಿ ತೋಡಿ ಸುರಿದೆವು. ಸಾರು ಹಳಸಿರಲಿಲ್ಲ. ಉಪ್ಪು ಖಾರ ಹದವಾಗಿತ್ತು. ಹದ ತಪ್ಪಿದ್ದು ನನ್ನ ಬಾಯಿ.

ಹುಣಸೂರಿನ ನಮ್ಮ ಬೀದಿಗೆ ವಾರಕ್ಕೆರಡು ಸಲ ಗಾವಡಗೆರೆ ಕಡೆಯಿಂದ ಚಿಕ್ಕತಾಯಮ್ಮ ಬೆರಕೆ ಸೊಪ್ಪು ತರುತ್ತಾಳೆ. ಅದನ್ನು ಯಾರೂ ಬಿತ್ತುವುದಿಲ್ಲ. ಕೂಲಿಗೆ ಹೋಗಿ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಸಿಗುವ ಅಣ್ಣೆ, ಗಣಿಕೆ, ಕಿರಕಸಾಲೆ ಎಲ್ಲವೂ ಮಡಿಲಿಗೆ. ಹೊಲ ಯಾರದೇ ಇರಲಿ, ಕಳೆಯೊಳಗಿನ ಸೊಪ್ಪು ಕಿತ್ತವಳದು. ಹಿಂದಿನಿಂದ ನಡೆದು ಬಂದದ್ದು. ಗಂಡನಿಲ್ಲದ ಅವಳ ಮನೆಯ ಉಪ್ಪು, ಸೀಮೆಎಣ್ಣೆ ಇದರಲ್ಲೇ ಸಾಗಬೇಕು.

ಈಚೆಗೆ ಪಕ್ಕದ ಮನೆಗೆ ವರ್ಗವಾಗಿ ಬಂದ ಆಫೀಸರ ಹೆಂಡತಿ ನಮ್ಮ ಮೊರದೊಳಗೆ ಇಣುಕಿ, "ಅಯ್ಯೋ, ಬರೀ ತೂತು! ಹುಳದ ಎಂಜಲು ತಿಂತೀರಾ?" ಎಂದರು. (ಬಿ.ಎ. ಪಾಸಾದ ಮೇಷ್ಟರ ಮಾನ ಹೋಗಲು ಇಷ್ಟು ಸಾಕು.)

ಮುಂದಿನ ಸಲ ಚಿಕ್ಕತಾಯಮ್ಮ ಬಂದಾಗ ಸ್ಟ್ರಿಕ್ಟಾಗಿ ಹೇಳಿದೆ: "ತೂತಿಲ್ಲದ ಸೊಪ್ಪಿದ್ದರೆ ತಾ. ಇಲ್ಲದಿದ್ದರೆ ಈ ಬಾಗಿಲಿಗೆ ಬರಬೇಡ."

"ಉಳ ಒಂದೀಟು ತಿಂದ್ರೇನ್ ಮೇಷ್ಟ್ರೇ? ತಿಂದು ಅದೂ ಬದ್ಕಿಲ್ವಾ?" ಎಂದು ನಕ್ಕಳು. ನಾನು ನಗಲಿಲ್ಲ.

ಶನಿವಾರ ತಂದಳು ನೋಡಿ! ಹುಡುಕಿದರೂ ಒಂದು ತೂತಿಲ್ಲ. ಪಕ್ಕದ ಮನೆಗೆ ಕಾಣಲಿ ಎಂದು ಮೊರವನ್ನು ಜಗುಲಿಯ ಮೇಲೇ ಇಟ್ಟೆ.

ಅರ್ಧ ದಿನದ ಸ್ಕೂಲು ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದೆ. ಅವಳು ಏದುಸಿರು ಬಿಡುತ್ತಾ ಓಡಿ ಬಂದಳು.

"ತಿನ್‌ಬ್ಯಾಡಿ ಮೇಷ್ಟ್ರೇ! ರಾಗಿ ಒಲದಲ್ಲೆಲ್ಲಾ ತೂತೇ ಕಣ್ರೀ. ಅದ್ಕೇ ಒಗೆಸೊಪ್ಪಿನ ಒಲದಲ್ಲಿ ಕಿತ್ಕಂಡ್ ಬಂದೆ. ಮೊನ್ನೆ ಅದ್ಕೆ ಉಳದ್ ಔಸ್ದಿ ಒಡ್ದವ್ರಂತೆ. ಬಸ್‌ಸ್ಟ್ಯಾಂಡಲ್ಲಿ ಆ ಒಲದ ಆಳು ಸಿಕ್ಕಿ ಈಗ ಏಳ್ದ!"

ಹೊಗೆಸೊಪ್ಪಿನ ಹೊಲದ ಅದೇ ಸೊಪ್ಪು ಇನ್ನೂ ಐದು ಮನೆಗೆ ಹೋಗಿತ್ತು. ಬಸ್ಸು ಹತ್ತಿ ಊರಿಗೆ ಹೋಗಿಬಿಡಬಹುದಿತ್ತು, ಅವಳು ಹೋಗಲಿಲ್ಲ. ಇಬ್ಬರೂ ಮನೆ ಮನೆಗೆ ಓಡಿದೆವು. ಪುಣ್ಯಕ್ಕೆ ಯಾರೂ ಉಂಡಿರಲಿಲ್ಲ. ಆದರೆ ಬೈಗುಳ? "ಸಾಯ್ಸೋಕ್ ಬಂದಿದ್ದೀಯಾ? ಇನ್ನು ಈ ಕಡೆ ತಲೆ ಹಾಕಬೇಡ" ಎಂದರು. ಅವಳು ತಲೆ ತಗ್ಗಿಸಿ ನಿಂತಳು. 'ಮೇಷ್ಟ್ರು ಕೇಳಿದರು, ಅದಕ್ಕೆ ತಂದೆ' ಎಂದು ಒಂದು ಬಾಗಿಲಲ್ಲೂ ಅನ್ನಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಅನ್ನಲಿಲ್ಲ. ನಾಚಿಕೆಯಾಗುತ್ತದೆ.

ಬುಧವಾರ ಮತ್ತೆ ಬಂದಳು. ರಾಗಿ ಹೊಲದ್ದೇ ಸೊಪ್ಪು. ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ನಮ್ಮ ಮನೆ ಮುಂದೆ ಬುಟ್ಟಿ ಇಳಿಸಿ, ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು.

"ತೂತದೆ ಮೇಷ್ಟ್ರೇ. ಈಸ್ಕತೀರಾ?"

ನನ್ನ ಹೆಂಡತಿ ಎರಡು ಕಟ್ಟು ತೆಗೆದುಕೊಂಡಳು. ಉಳಿದದ್ದು ಬುಟ್ಟಿಯಲ್ಲೇ ಬಾಡಿ ವಾಪಸು ಹೋಯಿತು. ನಾವಾದರೂ ಎಷ್ಟು ಸೊಪ್ಪು ತಿಂದೇವು? ಮುಂದಿನ ವರ್ಷ ಆ ರಾಗಿ ಹೊಲಕ್ಕೂ ಹೊಗೆಸೊಪ್ಪೇ ಅಂತೆ. ಒಂದೊಂದೇ ಹೊಲ ಹೀಗೆ ಹೋಗುವುದನ್ನು ಕೇಳಿ ಕೇಳಿ ಸಾಕಾಗಿದೆ. ಏನು ತಿನ್ನಬೇಕು ಎನ್ನುವುದನ್ನು ಪಕ್ಕದ ಮನೆಯವರ ಕಣ್ಣಿಗೆ ಒಪ್ಪಿಸಿಬಿಟ್ಟಿದ್ದೇವೆ. ಹುಳ ತಿಂದದ್ದು ಎಂಜಲು, ಸರಿ. ಹುಳವೂ ಮುಟ್ಟದ್ದನ್ನು ಏನೆನ್ನೋಣ?

ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕತಾಯಮ್ಮನಿಗೆ ಓದು ಬಾರದು. ನಮ್ಮ ಬೀದಿಯವರಿಗೆ ಬರುತ್ತದೆ.

ಆ ಸೊಪ್ಪು ಕೇಳಿ ತರಿಸಿದವನು ನಾನು. ಶನಿವಾರ ಅವಳು ಬಂದಾಗ ಬಾಗಿಲು ತೆಗೆಯುತ್ತೀರಾ?